ಟಿವಿ ಮಲಗಿದರೂ ಎದ್ದೇ ಇರುವ ಸೌಂಡ್‌ಬಾರ್

ಈಗಿನ ಟಿವಿಗಳು ತೀರ ತೆಳ್ಳಗೆ. ಗೋಡೆಗೆ ಚೆಂದ, ಆದರೆ ಒಳಗೆ ಒಳ್ಳೆಯ ಸ್ಪೀಕರ್ ಕೂರಿಸಲು ಜಾಗವಿಲ್ಲ. ನನ್ನ ವಯಸ್ಸಿನವರ ಮನೆಗಳಿಗೆ ಸೌಂಡ್‌ಬಾರ್ ಬರುತ್ತಿರುವುದು ವಾರ್ತೆ ಓದುವವರ ಮಾತು ಬಿಡಿಬಿಡಿಯಾಗಿ ಕೇಳಲಿ ಎಂದೇ. ನಮ್ಮ ಮನೆಗೂ ಹಾಗೇ ಬಂತು, ನನ್ನ ಹೆಂಡತಿಯ ಕಿವಿಗಾಗಿ.

ಬಂದ ದಿನದಿಂದಲೇ ತಂಟೆ. ಟಿವಿ ಆರಿಸಿದರೂ ಸೌಂಡ್‌ಬಾರಿನ ದೀಪ ಉರಿಯುತ್ತಲೇ ಇರುತ್ತಿತ್ತು. ಅದಕ್ಕೆ ಬೇರೆ ರಿಮೋಟು, ಕಡಲೆಮಿಠಾಯಿಯಷ್ಟು ಚಿಕ್ಕದು, ಅಕ್ಷರಗಳೋ ಇರುವೆ ಸಾಲು. ಮಂಡಿನೋವಿನವಳು ರಾತ್ರಿ ಎದ್ದು ಹೋಗಿ ಅದನ್ನು ಹುಡುಕಬೇಕು. ಒಂದು ವಾರ ನೋಡಿ, "ರೀ, ಇದನ್ನ ಅಂಗಡಿಗೇ ವಾಪಸ್ ಕೊಟ್ಟುಬಿಡಿ. ನನಗೆ ಕೇಳಿಸದಿದ್ದರೂ ಪರವಾಗಿಲ್ಲ" ಎಂದಳು. ಆ ಕೊನೆಯ ಮಾತು ನನಗೆ ಹಿಡಿಸಲಿಲ್ಲ. ಏಳನೇ ತರಗತಿಯ ಮೊಮ್ಮಗಳ ಕೈಗೆ ಟಾರ್ಚು ಕೊಟ್ಟು, ಇಬ್ಬರೂ ಟಿವಿಯ ಹಿಂಭಾಗ ನೋಡಿದೆವು.

ಮೊದಲು ನೋಡಬೇಕಾದದ್ದು ಕೇಬಲ್. ಫಿಟ್ ಮಾಡಲು ಬಂದಿದ್ದ ಹುಡುಗ ಆಪ್ಟಿಕಲ್ ಕೇಬಲ್ ಹಾಕಿ ಹೋಗಿದ್ದ. ಟಿವಿ ನಡೆಯುತ್ತಿರುವಾಗ ಇದರ ತುದಿ ಕಳಚಿ ಅಂಗೈ ಮೇಲೆ ಹಿಡಿದರೆ ಕೆಂಪು ಬೆಳಕು ಬೀಳುತ್ತದೆ. (ಮಕ್ಕಳೇ, ಕಣ್ಣಿಗೆ ಹಿಡಿಯಬೇಡಿ.) "ತಾತ, ಬೆಳಕಿನಲ್ಲಿ ಹಾಡು ಹೋಗುತ್ತಾ?" ಎಂದಳು ಮೊಮ್ಮಗಳು. ಹೋಗುತ್ತದೆ. ಜಪಾನಿನ ತೋಷಿಬಾ ಕಂಪನಿ 1983ರಲ್ಲಿ ತಂದ ಏರ್ಪಾಡು ಇದು. ಬೆಳಕು ನಮ್ಮ ಕಣ್ಣಿಗೆ ಸಿಗದಷ್ಟು ಬೇಗ ಮಿನುಗಿ ಶಬ್ದವನ್ನು ಅಂಕಿಗಳಾಗಿ ಸಾಗಿಸುತ್ತದೆ. ಆದರೆ ಸಾಗುವುದು ಶಬ್ದವಷ್ಟೆ. "ನಾನು ಮಲಗುತ್ತೇನೆ, ನೀನೂ ಮಲಗು" ಎಂಬ ಅಪ್ಪಣೆಗೆ ಅಲ್ಲಿ ದಾರಿಯಿಲ್ಲ.

ಆ ದಾರಿ ಇರುವುದು ಎಚ್‌ಡಿಎಂಐ ಕೇಬಲ್ಲಿನಲ್ಲಿ. ಅದರ ತುದಿಯಲ್ಲಿ 19 ಪಿನ್ನುಗಳು. ಹದಿಮೂರನೆಯದು ಚಿತ್ರವನ್ನೂ ಒಯ್ಯುವುದಿಲ್ಲ, ಶಬ್ದವನ್ನೂ ಒಯ್ಯುವುದಿಲ್ಲ, ಬರೀ ಅಪ್ಪಣೆ ಒಯ್ಯುತ್ತದೆ. ಇದಕ್ಕೆ ಸಿಇಸಿ ಎಂದು ಹೆಸರು. ಕಂಪ್ಯೂಟರ್ ಬರುವ ಮುಂಚೆ ನಮ್ಮ ಬ್ಯಾಂಕಿನಲ್ಲಿ ಮ್ಯಾನೇಜರ ಚೀಟಿಯನ್ನು ಕೌಂಟರಿಗೆ ತರುತ್ತಿದ್ದ ಅಟೆಂಡರ್ ಇದ್ದನಲ್ಲ, ಅವನ ಕೆಲಸವೇ. ನಡಿಗೆಯೂ ಅವನದೇ: ಸೆಕೆಂಡಿಗೆ ಸುಮಾರು 400 ಬಿಟ್, ಈಗಿನ ಕಾಲಕ್ಕೆ ಆಮೆಯ ವೇಗ. "ಮಲಗು" ಎನ್ನಲು ಅಷ್ಟು ಸಾಕು.

ಟಿವಿಯ ಹಿಂದೆ ಎಚ್‌ಡಿಎಂಐ ತೂತುಗಳು ಎರಡು ಮೂರು ಇರುತ್ತವೆ. ಎಆರ್‌ಸಿ ಎಂದು ಬರೆದಿರುವುದು ಸಾಮಾನ್ಯವಾಗಿ ಒಂದೇ. ಟಿವಿಯ ಶಬ್ದ ಹೊರಗೆ ಬರುವುದು ಅದರಿಂದ. 2009ರಿಂದ ಈಚೆಗೆ ಬಂದ ಸೌಕರ್ಯ. ಕೇಬಲ್ಲಿನ ಒಂದು ತುದಿ ಅಲ್ಲಿಗೆ, ಇನ್ನೊಂದು ತುದಿ ಸೌಂಡ್‌ಬಾರಿನಲ್ಲಿ ಅದೇ ಹೆಸರಿರುವ ತೂತಿಗೆ.

ಇಷ್ಟಾದ ಮೇಲೆ ಸೆಟ್ಟಿಂಗ್ಸಿಗೆ ಹೋಗಿ ಸಿಇಸಿ ಚಾಲೂ ಮಾಡಬೇಕು. ಇಲ್ಲಿ ನನ್ನದೊಂದು ತಕರಾರು. ಒಂದೇ ವಸ್ತುವಿಗೆ ಸ್ಯಾಮ್‌ಸಂಗ್‌ನವರು ಎನಿನೆಟ್ ಪ್ಲಸ್ ಎನ್ನುತ್ತಾರೆ, ಎಲ್‌ಜಿಯವರು ಸಿಂಪ್ಲಿಂಕ್, ಸೋನಿಯವರು ಬ್ರಾವಿಯಾ ಸಿಂಕ್. ಸೇವಿಂಗ್ಸ್ ಖಾತೆಯನ್ನು ಒಂದೊಂದು ಬ್ಯಾಂಕು ಒಂದೊಂದು ಹೆಸರಿನಿಂದ ಕರೆದಿದ್ದರೆ ಗ್ರಾಹಕರು ಸುಮ್ಮನಿರುತ್ತಿದ್ದರೇ? ಇರಲಿ. ಶಬ್ದ ಎಲ್ಲಿಂದ ಹೊರಡಬೇಕು ಎಂಬ ಕಡೆಯೂ 'ಆಪ್ಟಿಕಲ್' ತೆಗೆದು ಎಆರ್‌ಸಿ ಆರಿಸಿ. ಆದರೂ ಆಗದಿದ್ದರೆ ಎರಡರ ಪ್ಲಗ್ಗನ್ನೂ ಕಿತ್ತು, ಕಾಫಿ ಕುಡಿದು ಬಂದು ಮತ್ತೆ ಹಾಕಿ. ಎಷ್ಟೋ ಸಲ ಪರಸ್ಪರ ಗುರುತು ಮರೆತ ಯಂತ್ರಗಳು ಇದರಿಂದ ಸರಿಹೋಗುತ್ತವೆ.

ನಮ್ಮಲ್ಲಿ ಆ ರಾತ್ರಿ ಎರಡೂ ಒಟ್ಟಿಗೆ ಆರಿದವು. ಮಾರನೆಯ ರಾತ್ರಿ ನೋಡಿದರೆ ದೀಪ ಮತ್ತೆ ಉರಿಯುತ್ತಿದೆ!

ಗುಟ್ಟು ಕಂಡುಹಿಡಿದವಳು ಮೊಮ್ಮಗಳು. "ಅಜ್ಜಿ ಗೋಡೆ ಸ್ವಿಚ್ಚಲ್ಲೇ ಟಿವಿ ಆಫ್ ಮಾಡ್ತಾರೆ ತಾತ." ಕರೆಂಟು ಉಳಿಸುವುದು ಆಕೆಯ ಹಳೇ ಅಭ್ಯಾಸ. ಆದರೆ ಕರೆಂಟು ಒಮ್ಮೆಲೇ ಹೋದರೆ "ಮಲಗು" ಎಂದು ಹೇಳಲು ಟಿವಿಗೆ ಉಸಿರೇ ಇರುವುದಿಲ್ಲ. ಬೇರೆ ಪ್ಲಗ್ಗಿನಲ್ಲಿದ್ದ ಸೌಂಡ್‌ಬಾರ್ ಅಪ್ಪಣೆಗೆ ಕಾಯುತ್ತಾ ಕೂತಿತ್ತು. ಹೀಗೆ ಉಳಿಸಲು ಹೋಗಿದ್ದೇ ಖರ್ಚಿಗೆ ಬಿತ್ತು: ಸೌಂಡ್‌ಬಾರ್ 10 ವ್ಯಾಟ್ ಎಳೆಯುತ್ತದೆ ಎಂದಿಟ್ಟುಕೊಂಡರೆ, ರಾತ್ರಿಗೆ 10 ಗಂಟೆಯಂತೆ ಹತ್ತು ರಾತ್ರಿಗೆ ಒಂದು ಯೂನಿಟ್. ಈಗ ಎರಡನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕಿದ್ದೇವೆ. ಆಕೆ ಮೊದಲು ಟಿವಿ ರಿಮೋಟಿನಲ್ಲಿ ಆರಿಸಿ, ಹತ್ತು ಎಣಿಸಿ, ಆಮೇಲೆ ಸ್ವಿಚ್ಚು ತೆಗೆಯುತ್ತಾಳೆ. ಚಿಕ್ಕ ರಿಮೋಟಿನ ಗೋಜೇ ಇಲ್ಲ.

ಪಕ್ಕದ ಮನೆಯ ಅಜ್ಜನದು ಇನ್ನೊಂದು ಥರ. ಅವರು ಒತ್ತುತ್ತಿದ್ದದ್ದು ಡಿಶ್ ಪೆಟ್ಟಿಗೆಯ ರಿಮೋಟು. ಅದರಿಂದ ಪೆಟ್ಟಿಗೆ ಮಾತ್ರ ಆರುತ್ತದೆ. ಟಿವಿ ಸಿಗ್ನಲ್ ಇಲ್ಲವೆಂದು ಎದ್ದೇ ಇರುತ್ತದೆ, ಸೌಂಡ್‌ಬಾರೂ ಅದರ ಜೊತೆಗೆ. ಟಿವಿಯದೇ ರಿಮೋಟಿಗೆ ಒಂದು ಕೆಂಪು ರಬ್ಬರ್‌ಬ್ಯಾಂಡ್ ಸುತ್ತಿಕೊಟ್ಟು ಬಂದೆ.

ಹಳೆಯ ಟಿವಿಯಲ್ಲಿ ಎಆರ್‌ಸಿ ಇಲ್ಲದಿದ್ದರೆ ಆಪ್ಟಿಕಲ್ ಕೇಬಲ್ಲೇ ಗತಿ. ಆಗ ಸೌಂಡ್‌ಬಾರಿನ ಪುಸ್ತಕದಲ್ಲಿ 'ಆಟೋ ಪವರ್' ಎಂಬುದನ್ನು ಹುಡುಕಿ. ಅನೇಕ ಮಾಡೆಲ್‌ಗಳಲ್ಲಿ ಇದು ಇರುತ್ತದೆ. ಸ್ವಲ್ಪ ಹೊತ್ತು ಶಬ್ದ ಬಾರದಿದ್ದರೆ ಅದು ತಾನಾಗಿಯೇ ಆರುತ್ತದೆ. ಪುಸ್ತಕದ ಅಕ್ಷರ ಸಣ್ಣದು, ಓದಲು ಮೊಮ್ಮಕ್ಕಳನ್ನು ಕೂರಿಸಿಕೊಳ್ಳಿ.