ಅಲೆಯ ಮುನ್ಸೂಚನೆ: ಒಳನಾಡಿನ ವ್ಯಾಪಾರಿಗೂ ಒಂದು ಲೆಕ್ಕ

ಬಸವಕಲ್ಯಾಣ ಮತ್ತು ಹುಮನಾಬಾದ್ ತಾಲ್ಲೂಕುಗಳಿಗೂ ಸಮುದ್ರಕ್ಕೂ ಯಾವ ನಂಟೂ ಇಲ್ಲವೆಂದು ಮೇಲ್ನೋಟಕ್ಕೆ ತೋರಬಹುದು. ಆದರೆ ಮೊಜಾಂಬಿಕ್, ಟಾಂಜಾನಿಯಾ, ಮ್ಯಾನ್ಮಾರ್ ದೇಶಗಳಿಂದ ಹಡಗಿನಲ್ಲಿ ಬರುವ ತೊಗರಿಯು ಇಲ್ಲಿನ ಮಾರುಕಟ್ಟೆಯ ಧಾರಣೆಯ ಮೇಲೆ ಪರಿಣಾಮ ಬೀರುತ್ತದೆ. ಆಮದು ಕಚ್ಚಾ ಸಾಮಗ್ರಿಯನ್ನು ನಂಬಿದ ಕಾರ್ಖಾನೆಗೂ, ಬಂದರಿನಿಂದ ಸರಕು ತರುವ ಲಾರಿ ಮಾಲೀಕರಿಗೂ ಹಡಗು ಯಾವ ದಿನ ದಡ ಸೇರುತ್ತದೆ ಎಂಬುದು ಹಣದ ಪ್ರಶ್ನೆ.

ದೇಶದ ಕಡಲಲೆಗಳ ಮುನ್ಸೂಚನೆ ಸಿದ್ಧವಾಗುವ ಸ್ಥಳವೂ ದೂರವಿಲ್ಲ. ಪುಣೆ–ಹೈದರಾಬಾದ್ ಹೆದ್ದಾರಿಯಲ್ಲಿ ಹುಮನಾಬಾದಿನಿಂದ ಪೂರ್ವಕ್ಕೆ ಸಾಗಿದರೆ ಸಿಗುವ ಹೈದರಾಬಾದಿನಲ್ಲಿಯೇ, 1999ರಲ್ಲಿ ಸ್ಥಾಪನೆಯಾದ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರ, ಅಂದರೆ ಇನ್‌ಕಾಯ್ಸ್, ಇದೆ. ಅಲೆಯ ಎತ್ತರ, ಅವಧಿ ಮತ್ತು ದಿಕ್ಕುಗಳ ಮುನ್ಸೂಚನೆಯನ್ನು ಈ ಸಂಸ್ಥೆ ಪ್ರಕಟಿಸುತ್ತದೆ.

ಮೂರು ಅಂಕಿಗಳು

ಈ ಅಂಕಿಗಳನ್ನು ಅತ್ಯಂತ ಎಚ್ಚರಿಕೆಯಿಂದ ಓದುವವರಲ್ಲಿ ಮೀನುಗಾರರ ಜೊತೆಗೆ ಸರ್ಫಿಂಗ್ ಕ್ರೀಡಾಪಟುಗಳೂ ಸೇರಿದ್ದಾರೆ. ಕರ್ನಾಟಕದಲ್ಲಿ ಈ ಕ್ರೀಡೆಯ ಕೇಂದ್ರ ಮೂಲ್ಕಿ. ಅದರ ಸಮೀಪದ ಸಸಿಹಿತ್ಲು ಕಡಲತೀರದಲ್ಲಿ 2016ರಲ್ಲಿ ಇಂಡಿಯನ್ ಓಪನ್ ಸರ್ಫಿಂಗ್ ಸ್ಪರ್ಧೆ ನಡೆಯಿತು.

ಎತ್ತರವೊಂದನ್ನೇ ನೋಡುವವನು ಮೋಸಹೋಗುತ್ತಾನೆ ಎಂಬುದು ಇವರ ಮೊದಲ ಪಾಠ. ಒಂದು ಅಲೆಗೂ ಮುಂದಿನ ಅಲೆಗೂ ನಡುವಿನ ಸೆಕೆಂಡುಗಳೇ ಅವಧಿ. ಎತ್ತರ ಒಂದೇ ಆಗಿದ್ದರೂ 16 ಸೆಕೆಂಡಿನ ಅಲೆ 8 ಸೆಕೆಂಡಿನ ಅಲೆಗಿಂತ ಎರಡು ಪಟ್ಟು ಶಕ್ತಿಯನ್ನು ಹೊತ್ತು ತರುತ್ತದೆ. ಆಳ ಸಮುದ್ರದಲ್ಲಿ ಅವಧಿಯನ್ನು 2.8ರಿಂದ ಗುಣಿಸಿದರೆ ಆ ಅಲೆಗಳ ಶಕ್ತಿ ಸಾಗುವ ವೇಗ ಗಂಟೆಗೆ ಕಿಲೋಮೀಟರುಗಳಲ್ಲಿ ದೊರೆಯುತ್ತದೆ. ಅದರಂತೆ 18 ಸೆಕೆಂಡಿನ ಅಲೆಗಳು ಗಂಟೆಗೆ ಸುಮಾರು 50 ಕಿ.ಮೀ. ಸಾಗುತ್ತವೆ. ದಕ್ಷಿಣ ಮಹಾಸಾಗರದಲ್ಲಿ 6,500 ಕಿ.ಮೀ. ದೂರದಲ್ಲಿ ಬಿರುಗಾಳಿ ಎದ್ದರೆ ಅವು ಐದಾರು ದಿನಗಳಲ್ಲಿ ನಮ್ಮ ಕರಾವಳಿಗೆ ತಲುಪುತ್ತವೆ. ಅದೇ ಬಿರುಗಾಳಿಯ 12 ಸೆಕೆಂಡಿನ ಅಲೆಗಳಿಗೆ ಎಂಟು ದಿನ ಬೇಕು. ದೂರದ ಅಲೆಯನ್ನು ದಿನಗಳ ಮೊದಲೇ ಹೇಳಲು ಸಾಧ್ಯವಾಗುವುದು ಈ ಕಾರಣದಿಂದ.

ಹವಳದ ದಿಬ್ಬದಲ್ಲಿ

ಅಲೆ ಎಲ್ಲಿ, ಹೇಗೆ ಒಡೆಯುತ್ತದೆ ಎಂಬುದನ್ನು ತಳ ನಿರ್ಧರಿಸುತ್ತದೆ. ಸಸಿಹಿತ್ಲುವಿನಂತಹ ಕಡೆ ತಳದಲ್ಲಿರುವುದು ಮರಳು. ಅದು ಸ್ಥಳ ಬದಲಿಸಿದಂತೆ ಅಲೆ ಒಡೆಯುವ ಜಾಗವೂ ಬದಲಾಗುತ್ತದೆ. ಲಕ್ಷದ್ವೀಪದ ಹವಳದ ದಿಬ್ಬಗಳು ಕದಲುವುದಿಲ್ಲ. ಅಲ್ಲಿ ಆಳ ಸಮುದ್ರದಿಂದ ಬಂದ ಅಲೆ ಹಠಾತ್ತನೆ ತೆಳುನೀರನ್ನು ಸೇರಿ, ಎತ್ತರಕ್ಕೆದ್ದು, ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ಒಡೆಯುತ್ತದೆ. ಮುನ್ಸೂಚನೆಯು ಹೆಚ್ಚು ನಿಖರವಾಗುವುದು ಇಂತಹ ಸ್ಥಳದಲ್ಲಿಯೇ. ತಪ್ಪಿಗೆ ಕಠಿಣ ದಂಡ ತೆರಬೇಕಾದದ್ದೂ ಅಲ್ಲಿಯೇ. ಇಳಿತದ ಹೊತ್ತಿನಲ್ಲಿ ಚೂಪಾದ ಹವಳವು ನೀರಿನ ಮೇಲ್ಮೈಗೆ ತೀರ ಹತ್ತಿರವಿರುತ್ತದೆ.

ಸ್ಥಳೀಯ ಗಾಳಿಯಾದರೋ ಗಂಟೆಗಳಲ್ಲಿ ಬದಲಾಗುತ್ತದೆ. ಮುಂಜಾನೆ ನೆಲದಿಂದ ಬೀಸುವ ಗಾಳಿ ಅಲೆಯನ್ನು ನಯವಾಗಿಡುತ್ತದೆ. ಮಧ್ಯಾಹ್ನದ ಕಡಲಗಾಳಿ ಕದಡುತ್ತದೆ. ಆದುದರಿಂದ ಅನುಭವಿಗಳು ವಾರದ ಮೊದಲೇ ಪ್ರಯಾಣವನ್ನು ಯೋಜಿಸಿದರೂ, ನೀರಿಗಿಳಿಯುವ ತೀರ್ಮಾನವನ್ನು ಅಂದಿನ ಬೆಳಿಗ್ಗೆಗೆ ಬಿಡುತ್ತಾರೆ.

ಸೂಚನೆ ಇದ್ದೂ ನಷ್ಟ

2024ರ ಏಪ್ರಿಲ್ 26ರಂದು ಭಾರತದಿಂದ ಸುಮಾರು 10,000 ಕಿ.ಮೀ. ದೂರದ ದಕ್ಷಿಣ ಅಟ್ಲಾಂಟಿಕ್‌ನಲ್ಲಿ ವಾಯುಭಾರ ಕುಸಿತವೊಂದನ್ನು ಇನ್‌ಕಾಯ್ಸ್ ಗುರುತಿಸಿತು. ಏಪ್ರಿಲ್ 28ಕ್ಕೆ ಅದು ದಕ್ಷಿಣ ಹಿಂದೂ ಮಹಾಸಾಗರವನ್ನು ಪ್ರವೇಶಿಸಿತು. ಅದರ ಅಲೆಗಳು ಮೇ 4ರಂದು ಕೇರಳ ತೀರವನ್ನು ಮುಟ್ಟಿದವು. ಸ್ಥಳೀಯ ಗಾಳಿಯ ಸುಳಿವಿಲ್ಲದೆ ಬರುವ ಇಂತಹ ಉಬ್ಬರಕ್ಕೆ ಕೇರಳದ ಮೀನುಗಾರರು ‘ಕಳ್ಳಕ್ಕಡಲ್’ ಎನ್ನುತ್ತಾರೆ. ಎಚ್ಚರಿಕೆ ಹೊರಬಿದ್ದಿತ್ತು. ಆದರೂ ಮೇ 6ರಂದು ಕನ್ಯಾಕುಮಾರಿ ಜಿಲ್ಲೆಯ ಕಡಲತೀರದಲ್ಲಿ ಐವರು ವೈದ್ಯಕೀಯ ವಿದ್ಯಾರ್ಥಿಗಳು ಅಲೆಗೆ ಸಿಕ್ಕಿ ಪ್ರಾಣ ಕಳೆದುಕೊಂಡರು. ಮುನ್ಸೂಚನೆ ಸಿದ್ಧವಾದರೆ ಸಾಲದು. ಅದು ತೀರ್ಮಾನ ಕೈಗೊಳ್ಳುವವನ ಕೈಸೇರಬೇಕು.

ವ್ಯಾಪಾರಿಯ ಲೆಕ್ಕ

ವ್ಯಾಪಾರದಲ್ಲಿ ಪ್ರಾಣದ ಮಾತಿಲ್ಲದಿದ್ದರೂ ಬಂಡವಾಳದ ಮಾತಿದೆ. ಅಲೆಯಿಂದಾಗಿ ಹಡಗು ತಡವಾದರೆ ವಿಮಾ ಕಂಪನಿ ನಷ್ಟ ತುಂಬಿಕೊಡುತ್ತದೆ ಎಂದು ನಂಬುವವರು 1963ರ ಸಾಗರ ವಿಮಾ ಕಾಯಿದೆಯ 55ನೆಯ ಕಲಮನ್ನು ಗಮನಿಸಬೇಕು. ಪಾಲಿಸಿಯಲ್ಲಿ ಬೇರೆ ರೀತಿ ನಮೂದಾಗದಿದ್ದರೆ, ವಿಳಂಬವೇ ನೇರ ಕಾರಣವಾದ ನಷ್ಟಕ್ಕೆ ವಿಮೆಗಾರನು ಹೊಣೆಯಲ್ಲ. ಆ ವಿಳಂಬವು ವಿಮೆಗೆ ಒಳಪಟ್ಟ ಅಪಾಯದಿಂದಲೇ ಉಂಟಾಗಿದ್ದರೂ ಅಷ್ಟೇ. ಅಂತಾರಾಷ್ಟ್ರೀಯ ವ್ಯಾಪಾರ ನಿಯಮಗಳ ಸಿಐಎಫ್ ಷರತ್ತಿನಲ್ಲಿ ವಿಮೆಯ ಕಂತನ್ನು ಮಾರಾಟಗಾರನು ಕಟ್ಟಿದರೂ, ಸರಕು ಹಡಗೇರಿದ ಕ್ಷಣದಿಂದ ಅಪಾಯ ಕೊಳ್ಳುವವನದು.

ಆದುದರಿಂದ ಆಮದು ಸರಕನ್ನು ನಂಬಿದವರು ಮೂರು ಕ್ರಮಗಳನ್ನು ಅನುಸರಿಸುವುದು ಒಳಿತು. ಹಡಗು ಹೊರಟ ದಿನದಿಂದಲೇ ಕಡಲ ಸ್ಥಿತಿಯನ್ನು ಗಮನಿಸುವುದು ಮೊದಲನೆಯದು. ಗಿರಾಕಿಗೆ ಮಾತು ಕೊಡುವಾಗ ಕೆಲವು ದಿನಗಳ ಅವಕಾಶವಿರಿಸಿ, ಆ ದಿನಗಳ ಬಡ್ಡಿ ಮತ್ತು ಬಾಡಿಗೆಯನ್ನು ದರದಲ್ಲಿ ಸೇರಿಸುವುದು ಎರಡನೆಯದು. ಹಡಗು ಬಂದರು ಸೇರಿದ ಖಚಿತ ಸುದ್ದಿ ಬಂದ ಬಳಿಕವೇ ಲಾರಿ ಕಳುಹಿಸುವುದು ಮೂರನೆಯದು. ವಾರದ ಮೊದಲು ತಿಳಿಯುವುದನ್ನು ವಾರದ ಮೊದಲೇ ತಿಳಿದು, ಅಂದೇ ತಿಳಿಯುವುದಕ್ಕೆ ಅಂದಿನವರೆಗೆ ಕಾಯುವವನಿಗೆ ಮುನ್ಸೂಚನೆ ಲಾಭ ತರುತ್ತದೆ.