ಸುಗ್ಗಿ ಬಂತು, ಸೀನೂ ಬಂತು: ಹೇ ಫೀವರ್‌ಗೆ ಮಾತ್ರೆ ಮೊದಲೋ, ಸ್ಪ್ರೇ ಮೊದಲೋ?

ನವೆಂಬರ್ ಬಂತಂದ್ರೆ ಗಂಗಾವತಿ, ಕಾರಟಗಿ ಕಡೆಯ ಗದ್ದೆಗಳಿಗೆ ಕಟಾವು ಯಂತ್ರಗಳು ಇಳಿಯುತ್ತವೆ. ಡಿಸೆಂಬರ್ ಹೊತ್ತಿಗೆ ಯಲಬುರ್ಗಾ, ಕುಷ್ಟಗಿಯ ಎರೆ ಹೊಲಗಳಲ್ಲಿ ಹಿಂಗಾರಿ ಜೋಳ ಹೂ ಬಿಡುತ್ತದೆ. ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆ, ಲಕ್ಷಾಂತರ ಜನ, ಅಷ್ಟೇ ಧೂಳು. ನಮ್ಮ ಓಡ್ ಸೆಮ್ ಪರೀಕ್ಷೆಗಳೂ ಹೆಚ್ಚುಕಮ್ಮಿ ಇದೇ ದಿನಗಳಲ್ಲಿ ಬರೋದು. ಹಾಸ್ಟೆಲಿನ ಪ್ರತಿ ಮಹಡಿಯಲ್ಲೂ ಬೆಳಿಗ್ಗೆ ಎದ್ದ ಕೂಡಲೇ ಸಾಲಾಗಿ ಹತ್ತು ಸೀನು ಸೀನುವ ಒಬ್ಬರಾದರೂ ಇರುತ್ತಾರೆ. ಕೇಳಿದ್ರೆ "ಏನಿಲ್ಲ, ಡಸ್ಟ್ ಅಲರ್ಜಿ" ಅಂತಾರೆ. ಮೆಡಿಕಲ್ ಶಾಪಿನಿಂದ ಒಂದು ಮಾತ್ರೆ ತಂದು ನುಂಗಿ, ಮಧ್ಯಾಹ್ನದವರೆಗೆ ತೂಕಡಿಸುತ್ತಾರೆ.

ಈ ತೊಂದರೆ ಪೂರ್ತಿ ವಾಸಿಯಾಗದೇ ಇರಬಹುದು. ಆದರೆ ಹಿಡಿತಕ್ಕೆ ಬರುತ್ತದೆ. ಹೆಚ್ಚಿನವರಿಗೆ ಬರದೇ ಇರೋದಕ್ಕೆ ಕಾರಣ ಔಷಧಿ ಇಲ್ಲದಿರುವುದಲ್ಲ, ಇರುವ ಔಷಧಿಯನ್ನು ತಪ್ಪು ಹೊತ್ತಿಗೆ, ತಪ್ಪು ಕ್ರಮದಲ್ಲಿ ಬಳಸುವುದು.

ನೆಗಡಿಯೋ, ಅಲರ್ಜಿಯೋ?

ಹೇ ಫೀವರ್ ಅಂದ್ರೆ ಪದಶಃ ಹುಲ್ಲಿನ ಜ್ವರ. ಆದರೆ ಇದರಲ್ಲಿ ಜ್ವರ ಬರೋದಿಲ್ಲ, ಒಣಹುಲ್ಲೇ ಕಾರಣವಾಗಬೇಕೆಂದೂ ಇಲ್ಲ. ವೈದ್ಯರು ಕರೆಯುವುದು ಅಲರ್ಜಿಕ್ ರೈನೈಟಿಸ್ ಎಂದು. 1819ರಲ್ಲಿ ಲಂಡನ್ನಿನ ವೈದ್ಯ ಜಾನ್ ಬಾಸ್ಟಾಕ್ ತನಗೇ ಪ್ರತಿ ಬೇಸಿಗೆ ಬರುತ್ತಿದ್ದ ಈ ಕಾಟವನ್ನು ಬರೆದಿಟ್ಟ. ಕಾರಣ ಪರಾಗ ಎಂದು ಪ್ರಯೋಗಗಳಿಂದ ತೋರಿಸಿದವನು ಮ್ಯಾಂಚೆಸ್ಟರಿನ ಚಾರ್ಲ್ಸ್ ಬ್ಲ್ಯಾಕ್ಲಿ. ಅವನಿಗೂ ಇದೇ ಅಲರ್ಜಿ. ಅಂಟು ಹಚ್ಚಿದ ಗಾಜಿನ ಪಟ್ಟಿಗಳನ್ನು ಗಾಳಿಪಟಕ್ಕೆ ಕಟ್ಟಿ ಹಾರಿಸಿ, ಎತ್ತರದ ಗಾಳಿಯಲ್ಲೂ ಪರಾಗ ತೇಲುತ್ತದೆ ಎಂದು ಎಣಿಸಿ ತೋರಿಸಿದ. ಅವನ ಪುಸ್ತಕ ಬಂದದ್ದು 1873ರಲ್ಲಿ.

ಸಾಮಾನ್ಯ ನೆಗಡಿ ವಾರ, ಹತ್ತು ದಿನದಲ್ಲಿ ಹೋಗುತ್ತದೆ. ಮೈಕೈ ನೋವು, ಗಂಟಲು ನೋವು, ಸಣ್ಣ ಜ್ವರ ಜೊತೆಗಿರಬಹುದು. ಅಲರ್ಜಿಯಲ್ಲಿ ತುರಿಕೆ ಮುಖ್ಯ: ಮೂಗು, ಕಣ್ಣು, ಅಂಗಳ ಎಲ್ಲ ಕೆರೆತ. ನೀರಿನಂಥ ಸಿಂಬಳ, ಸಾಲು ಸೀನು, ಕೆಂಪು ಕಣ್ಣು. ವಾರಗಟ್ಟಲೆ ಇರುತ್ತದೆ, ಪ್ರತಿ ವರ್ಷ ಅದೇ ತಿಂಗಳಿಗೆ ಬರುತ್ತದೆ. "ನಂಗೆ ವರ್ಷದಲ್ಲಿ ಮೂರು ತಿಂಗಳು ನೆಗಡಿ" ಅನ್ನುವವರದ್ದು ಬಹುಪಾಲು ನೆಗಡಿ ಆಗಿರೋದಿಲ್ಲ.

ಮೂಗಿನೊಳಗೆ ಏನಾಗುತ್ತೆ?

ನಮ್ಮ ರೋಗನಿರೋಧಕ ವ್ಯವಸ್ಥೆ ನಿರಪಾಯದ ಪರಾಗವನ್ನು ಶತ್ರು ಎಂದು ತಪ್ಪು ತಿಳಿದು, ಅದಕ್ಕೆಂದೇ ಐಜಿಇ ಎಂಬ ಪ್ರತಿಕಾಯ ತಯಾರಿಸಿಡುತ್ತದೆ. ಈ ಐಜಿಇ ಮೂಗಿನ ಒಳಪದರದಲ್ಲಿರುವ ಮಾಸ್ಟ್ ಕೋಶಗಳ ಮೇಲೆ ಕೂತಿರುತ್ತದೆ. ಮುಂದಿನ ಸಲ ಅದೇ ಪರಾಗ ಬಂದು ತಾಗಿದರೆ, ಕೋಶ ಕೆಲವೇ ನಿಮಿಷದಲ್ಲಿ ಹಿಸ್ಟಮಿನ್ ಉಗುಳುತ್ತದೆ. ಸೀನು, ತುರಿಕೆ, ನೀರು ಇದರ ಕೆಲಸ.

ಕಥೆ ಅಲ್ಲಿಗೇ ಮುಗಿಯಲ್ಲ. ನಾಲ್ಕೆಂಟು ಗಂಟೆ ಬಿಟ್ಟು ಎರಡನೇ ಅಲೆ ಬರುತ್ತದೆ. ಉರಿಯೂತ ತರುವ ಬೇರೆ ಕೋಶಗಳು ಬಂದು ಸೇರಿ ಒಳಪದರ ಊದಿಕೊಳ್ಳುತ್ತದೆ. ಬೆಳಿಗ್ಗೆ ಬೈಕಿನಲ್ಲಿ ಗದ್ದೆ ದಾರಿ ಹಿಡಿದು ಬಂದವರಿಗೆ ರಾತ್ರಿ ಮೂಗು ಕಟ್ಟಿ ನಿದ್ದೆ ಬಾರದಿರೋದು ಇದರಿಂದ. ಈ ಎರಡು ಅಲೆಗಳನ್ನು ನೆನಪಿಡಿ, ಯಾವ ಔಷಧಿ ಯಾಕೆ ಎಂಬುದು ಇದರ ಮೇಲೆಯೇ ನಿಂತಿದೆ.

ನಮ್ಮ ಗಾಳಿಯಲ್ಲಿ ಏನೈತಿ?

ಆಗಸ್ಟ್‌ನಿಂದ ಅಕ್ಟೋಬರ್: ಮುಂಗಾರಿನ ಸಜ್ಜೆ, ಮೆಕ್ಕೆಜೋಳದ ಹೂವು. ಜೊತೆಗೆ ರಸ್ತೆ ಬದಿ, ಖಾಲಿ ಸೈಟು, ಕ್ಯಾಂಪಸ್ ಮೂಲೆಯಲ್ಲೆಲ್ಲ ಪಾರ್ಥೇನಿಯಂ, ಅಂದ್ರೆ ನಮ್ಮ ಕಾಂಗ್ರೆಸ್ ಗಿಡ. ಇದನ್ನು ಹಗುರವಾಗಿ ತಗೋಬೇಡಿ. ಬೆಂಗಳೂರಿನಲ್ಲಿ ನಡೆದು 1991ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ರೈನೈಟಿಸ್ ಇದ್ದವರ ಪೈಕಿ ಶೇ. 34ರಷ್ಟು ಜನರ ಚರ್ಮ ಪರೀಕ್ಷೆ ಪಾರ್ಥೇನಿಯಂ ಪರಾಗಕ್ಕೆ ಪಾಸಿಟಿವ್ ಬಂದಿತ್ತು.

ನವೆಂಬರ್, ಡಿಸೆಂಬರ್: ತುಂಗಭದ್ರಾ ಎಡದಂಡೆ ಕಾಲುವೆಯ ಬತ್ತದ ಕಟಾವು. ಇಲ್ಲಿ ಪರಾಗಕ್ಕಿಂತ ದೂಳು ಮುಖ್ಯ: ಹೊಟ್ಟಿನ ಚೂರು, ಮಣ್ಣು, ಒದ್ದೆ ಹುಲ್ಲಿನ ಮೇಲೆ ಬೆಳೆದ ಬೂಷ್ಟಿನ ಬೀಜಕಣಗಳು. ಎರಡನೇ ಬೆಳೆಗೆ ನೀರು ಸಿಕ್ಕ ವರ್ಷ ಬೇಸಿಗೆಯಲ್ಲಿ ಇದೇ ಮತ್ತೊಮ್ಮೆ.

ಡಿಸೆಂಬರ್, ಜನವರಿ: ಹಿಂಗಾರಿ ಜೋಳದ ಹೂವು. ಜೋಳ ನಸುಕಿನಿಂದ ಬೆಳಗಿನ ಹೊತ್ತಿಗೆ ಪರಾಗ ಚೆಲ್ಲುತ್ತದೆ. ಫೆಬ್ರವರಿ, ಮಾರ್ಚ್‌ನಲ್ಲಿ ಜೋಳ, ಕಡಲೆಯ ರಾಶಿ ಮಾಡುವ ದೂಳು. ಇನ್ನು ಹಳ್ಳ, ಬೇಲಿ ತುಂಬಿರುವ ಬಳ್ಳಾರಿ ಜಾಲಿಯ ಪರಾಗಕ್ಕೂ ಅಲರ್ಜಿ ಇರುವವರಿದ್ದಾರೆ. ಕಾರ್ಖಾನೆ ಹೊಗೆ, ಲಾರಿ ಹೊಗೆ, ಹುಲ್ಲು ಸುಟ್ಟ ಹೊಗೆ ಅಲರ್ಜಿ ಹುಟ್ಟಿಸುವ ವಸ್ತುವಲ್ಲ. ಆದರೆ ಮೊದಲೇ ಊದಿದ ಮೂಗಿಗೆ ಅವು ಉಪ್ಪು ಸವರಿದ ಹಾಗೆ.

ಈಗ ಸ್ವಲ್ಪ ನಮ್ಮ ಲೆಕ್ಕ. ಫ್ಲೂಯಿಡ್ ಮೆಕ್ಯಾನಿಕ್ಸ್‌ನಲ್ಲಿ ಓದಿದ ಸ್ಟೋಕ್ಸ್ ನಿಯಮ ನೆನಪಿದೆಯಲ್ಲ? ಕಣ ಕೆಳಗಿಳಿಯುವ ವೇಗ ಅದರ ವ್ಯಾಸದ ವರ್ಗಕ್ಕೆ ತಕ್ಕಂತೆ. ಕಣದ ಸಾಂದ್ರತೆ ನೀರಿನಷ್ಟೇ ಎಂದಿಟ್ಟುಕೊಳ್ಳಿ, ಗಾಳಿ ಸೆಕೆಂಡಿಗೆ 3 ಮೀಟರ್ ಬೀಸುತ್ತಿದೆ, ಕಣ 2 ಮೀಟರ್ ಎತ್ತರದಿಂದ ಹೊರಟಿದೆ. ಸುಮಾರು 90 ಮೈಕ್ರಾನಿನ ಮೆಕ್ಕೆಜೋಳದ ಪರಾಗ 8 ಸೆಕೆಂಡಿನಲ್ಲಿ ನೆಲ ಮುಟ್ಟುತ್ತದೆ, ಅಷ್ಟರಲ್ಲಿ ಸಾಗೋದು 25 ಮೀಟರ್. 40 ಮೈಕ್ರಾನಿನ ಹುಲ್ಲು ಜಾತಿಯ ಪರಾಗ 120 ಮೀಟರ್ ಹೋಗುತ್ತದೆ. 17 ಮೈಕ್ರಾನಿನ ಆಸುಪಾಸಿನ ಪಾರ್ಥೇನಿಯಂ ಪರಾಗ ಹತ್ತಿರ ಹತ್ತಿರ 700 ಮೀಟರ್. 5 ಮೈಕ್ರಾನಿನ ಬೂಷ್ಟಿನ ಕಣ? ಮುಕ್ಕಾಲು ಗಂಟೆ ತೇಲಿ 8 ಕಿಲೋಮೀಟರ್! ನಿಜವಾದ ಗಾಳಿ ಸುಳಿಸುತ್ತದೆ, ಮೇಲೆತ್ತುತ್ತದೆ, ಹಾಗಾಗಿ ಇದು ಅಂದಾಜು ಮಾತ್ರ. ಆದರೂ ವಿಷಯ ಸ್ಪಷ್ಟ: ಕಣ್ಣಿಗೆ ಕಾಣುವ ದೊಡ್ಡ ದೂಳಿಗಿಂತ ಕಾಣದ ಸಣ್ಣ ಕಣ ದೂರದಿಂದ ಬಂದು ಕಾಡಬಲ್ಲದು. "ನಮ್ಮ ಹಾಸ್ಟೆಲ್ ಪಕ್ಕ ಹೊಲಾನೇ ಇಲ್ಲ, ಆದ್ರೂ ಯಾಕೆ?" ಎಂಬುದಕ್ಕೆ ಇದೂ ಒಂದು ಉತ್ತರ.

ಪರಿಹಾರ: ಕ್ರಮವಾಗಿ

ಮೊದಲು, ಒಳಗೆ ಹೋಗೋದನ್ನು ಕಡಿಮೆ ಮಾಡಿ. ಸೀಸನ್‌ನಲ್ಲಿ ಬೈಕ್ ಓಡಿಸುವಾಗ ಮುಖ ಮುಚ್ಚುವ ಹೆಲ್ಮೆಟ್, ಒಳಗೆ ಮಾಸ್ಕ್. ಪರಾಗಕ್ಕೆ ಸಾಮಾನ್ಯ ಸರ್ಜಿಕಲ್ ಮಾಸ್ಕ್ ಕೂಡ ನೆರವಾಗುತ್ತದೆ, ಕಟಾವಿನ ದೂಳಿಗೆ ಎನ್-95 ವಾಸಿ. ನಸುಕಿನಲ್ಲಿ ಹೊಲದ ಕಡೆಯ ಕಿಟಕಿ ಮುಚ್ಚಿ. ಬಟ್ಟೆ, ಅದರಲ್ಲೂ ದಿಂಬಿನ ಕವರ್, ಟೆರೇಸಿನ ಗಾಳಿಗೆ ಒಣಹಾಕಬೇಡಿ. ಸಂಜೆ ರೂಮಿಗೆ ಬಂದ ಮೇಲೆ ಮುಖ, ತಲೆ ತೊಳೆದು ಬಟ್ಟೆ ಬದಲಿಸಿ. ಕಸಬರಿಗೆ ಬದಲು ಒದ್ದೆ ಬಟ್ಟೆಯಲ್ಲಿ ಒರೆಸಿ.

ಎರಡನೇದು, ಉಪ್ಪುನೀರಿನಲ್ಲಿ ಮೂಗು ತೊಳೆಯೋದು. ಯೋಗದ ಜಲನೇತಿ ಇದೇ. ಲೀಟರಿಗೆ 9 ಗ್ರಾಂ ಉಪ್ಪು, ಅಂದ್ರೆ ಕಾಲು ಲೀಟರಿಗೆ ಅರ್ಧ ಟೀ ಚಮಚಕ್ಕೆ ತುಸು ಕಡಿಮೆ. ಒಂದು ಮಾತು ಮಾತ್ರ ಮರೆಯಬೇಡಿ: ನೀರು ಚೆನ್ನಾಗಿ ಕುದಿಸಿ ಆರಿಸಿದ್ದೇ ಆಗಬೇಕು. ನಲ್ಲಿ ನೀರು, ಬೋರ್ ನೀರು, ಕಾಲುವೆ ನೀರು, ಆರ್‌ಒ ನೀರು ಯಾವುದೂ ನೇರವಾಗಿ ಬೇಡ. 2011ರಲ್ಲಿ ಅಮೆರಿಕದ ಲೂಸಿಯಾನಾದಲ್ಲಿ ನಲ್ಲಿ ನೀರಿನಿಂದ ಮೂಗು ತೊಳೆದ ಇಬ್ಬರು ಮಿದುಳಿಗೆ ಅಮೀಬಾ ಸೇರಿ ಸತ್ತರು. ಅದೇ ನೀರು ಕುಡಿದರೆ ಈ ಅಪಾಯವಿಲ್ಲ, ಮೂಗಿಗೆ ಏರಿಸಿದರೆ ಇದೆ.

ಮೂರನೇದು, ಆಂಟಿಹಿಸ್ಟಮಿನ್ ಮಾತ್ರೆ. ಬಸ್ಸಿನ ಸೀಟಿಗೆ ಕಿಟಕಿಯಿಂದ ಟವೆಲ್ ಹಾಕ್ತೀವಲ್ಲ, ಇದು ಹಾಗೆಯೇ. ಹಿಸ್ಟಮಿನ್ ಬಂದು ಕೂರುವ ಜಾಗವನ್ನು ಮಾತ್ರೆ ಮೊದಲೇ ಹಿಡಿದಿಡುತ್ತದೆ. ಬಸ್ಸು ತುಂಬಿದ ಮೇಲೆ ಟವೆಲ್ ಹಾಕಿದ್ರೆ ಏನು ಪ್ರಯೋಜನ? ಹೊರಗೆ ಹೋಗುವ ಮುಂಚೆ, ಸೀಸನ್‌ನಲ್ಲಿ ದಿನಾ, ತಗೊಂಡರೆ ಲಾಭ ಹೆಚ್ಚು. ಸೀನು, ತುರಿಕೆಗೆ ಇದು ಒಳ್ಳೆಯದು. ಕಟ್ಟಿದ ಮೂಗಿಗೆ ಅಷ್ಟಕ್ಕಷ್ಟೇ, ಯಾಕಂದ್ರೆ ಎರಡನೇ ಅಲೆ ಬರೀ ಹಿಸ್ಟಮಿನ್‌ದಲ್ಲ.

ಯಾವ ಮಾತ್ರೆ ಅನ್ನೋದೂ ಮುಖ್ಯ. ಫೆನಿರಮಿನ್, ಕ್ಲೋರ್‌ಫೆನಿರಮಿನ್‌ನಂಥ ಹಳೆಯವು ಮಿದುಳಿಗೂ ಹೋಗಿ ನಿದ್ದೆ ತರಿಸುತ್ತವೆ. ನೆಗಡಿ ಮಾತ್ರೆಗಳ ಮಿಶ್ರಣದಲ್ಲೂ ಇವು ಅಡಗಿರುತ್ತವೆ, ಹಿಂದಿನ ಸಣ್ಣ ಅಕ್ಷರ ಓದಿ. ಸೆಟ್ರಿಜಿನ್, ಲೆವೋಸೆಟ್ರಿಜಿನ್ ಕೆಲವರಿಗೆ ಮಂಪರು ತರುತ್ತವೆ. ಫೆಕ್ಸೊಫೆನಡಿನ್, ಲೊರಾಟಡಿನ್, ಬಿಲಾಸ್ಟಿನ್ ಬಹಳ ಕಡಿಮೆ. ಬ್ರಿಟನ್ನಿನ ಶಾಲಾ ಪರೀಕ್ಷೆಗಳ ಬಗ್ಗೆ 2007ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಪರೀಕ್ಷೆ ವೇಳೆ ಹೇ ಫೀವರ್ ಇದ್ದ ವಿದ್ಯಾರ್ಥಿಗಳಿಗೆ ಪೂರ್ವಸಿದ್ಧತಾ ಪರೀಕ್ಷೆಗಿಂತ ಅಂತಿಮ ಪರೀಕ್ಷೆಯಲ್ಲಿ ಒಂದು ಗ್ರೇಡ್ ಇಳಿಯುವ ಸಂಭವ ಶೇ. 40ರಷ್ಟು ಹೆಚ್ಚಿತ್ತು, ನಿದ್ದೆ ತರಿಸುವ ಮಾತ್ರೆ ತಗೊಂಡಿದ್ದವರಲ್ಲಿ ಶೇ. 70ರಷ್ಟು. ಸಿಜಿಪಿಎಗಾಗಿ ಒದ್ದಾಡುವ ನಮಗೆ ಇದು ಸಣ್ಣ ವಿಷಯವಲ್ಲ.

ನಾಲ್ಕನೇದು, ತೀವ್ರ ತೊಂದರೆ ಇರುವವರಿಗೆ ಅತಿ ಹೆಚ್ಚು ಫಲ ಕೊಡುವುದು: ಮೂಗಿಗೆ ಹೊಡೆಯುವ ಸ್ಟಿರಾಯ್ಡ್ ಸ್ಪ್ರೇ. ಫ್ಲೂಟಿಕಾಸೋನ್, ಮೊಮೆಟಾಸೋನ್ ಇತ್ಯಾದಿ. ಹೆಸರು ಕೇಳಿಯೇ ನಮ್ಮಲ್ಲಿ ಮನೆಯವರು ಹೆದರುತ್ತಾರೆ. ಇದು ಜಿಮ್ಮಿನ ಸ್ಟಿರಾಯ್ಡ್ ಅಲ್ಲ. ಫ್ಲೂಟಿಕಾಸೋನಿನ ಒಂದು ಸ್ಪ್ರೇಯಲ್ಲಿ ಸಾಮಾನ್ಯವಾಗಿ 50 ಮೈಕ್ರೋಗ್ರಾಂ ಇರುತ್ತದೆ, ಅದರಲ್ಲಿ ರಕ್ತಕ್ಕೆ ಸೇರೋದು ಶೇ. 2ಕ್ಕಿಂತ ಕಡಿಮೆ. ಇದು ಎರಡೂ ಅಲೆಗಳನ್ನು ತಡೆಯುತ್ತದೆ.

ಆದರೆ ಇದಕ್ಕೆ ತಾಳ್ಮೆ ಬೇಕು. ಪೂರ್ತಿ ಪರಿಣಾಮಕ್ಕೆ ಒಂದೆರಡು ವಾರ ಹಿಡಿಯಬಹುದು. ಎರಡು ದಿನ ಹೊಡೆದು "ಕೆಲಸ ಮಾಡಲ್ಲ" ಅಂತ ಬಿಸಾಡುವವರೇ ಜಾಸ್ತಿ. ಹೊಡೆಯುವ ರೀತಿಯೂ ಇದೆ: ಬಾಟಲಿ ಅಲ್ಲಾಡಿಸಿ, ಮೂಗು ಸ್ವಚ್ಛ ಮಾಡಿ, ತಲೆ ಸ್ವಲ್ಪ ಮುಂದಕ್ಕೆ ಬಾಗಿಸಿ. ಎಡ ಹೊಳ್ಳೆಗೆ ಬಲಗೈ, ಬಲ ಹೊಳ್ಳೆಗೆ ಎಡಗೈ. ತುದಿ ನಡುಗೋಡೆಯ ಕಡೆ ಬೇಡ, ಕಿವಿಯ ಕಡೆ ತಿರುಗಿರಲಿ. ಮೆಲ್ಲಗೆ ಉಸಿರೆಳೆಯಿರಿ. ಜೋರಾಗಿ ಎಳೆದು ಗಂಟಲಲ್ಲಿ ಕಹಿ ಬಂತಂದ್ರೆ ಔಷಧಿ ಹೊಟ್ಟೆಗೆ ಹೋಯಿತು. ನಡುಗೋಡೆಗೇ ಹೊಡೀತಾ ಹೋದರೆ ರಕ್ತ ಬರಬಹುದು.

ಇವು ಮಾತ್ರ ಬೇಡ

ಮೂಗು ಬಿಡಿಸುವ ಡ್ರಾಪ್ಸ್, ಅಂದ್ರೆ ಝೈಲೋಮೆಟಜೋಲಿನ್, ಆಕ್ಸಿಮೆಟಜೋಲಿನ್. ಹಾಕಿದ ನಿಮಿಷಗಳಲ್ಲಿ ಮೂಗು ತೆರೆಯುತ್ತದೆ, ಅದಕ್ಕೇ ಎಲ್ಲರಿಗೂ ಪ್ರೀತಿ. ಮೂರರಿಂದ ಐದು ದಿನ ದಾಟಿದರೆ ಡ್ರಾಪ್ಸ್ ಇಳಿದಾಗಲೆಲ್ಲ ಮೂಗು ಮೊದಲಿಗಿಂತ ಜಾಸ್ತಿ ಕಟ್ಟುತ್ತದೆ. ಆಮೇಲೆ ಜೇಬಿನಲ್ಲಿ ಬಾಟಲಿ ಇಲ್ಲದೆ ಕ್ಲಾಸಿಗೆ ಹೋಗೋಕಾಗಲ್ಲ.

"ಒಂದು ಸ್ಟ್ರಾಂಗ್ ಇಂಜೆಕ್ಷನ್ ಹಾಕ್ರಿ ಡಾಕ್ಟ್ರೇ, ನಾಳೆ ಎಕ್ಸಾಮ್ ಐತಿ." ಸ್ಟಿರಾಯ್ಡ್ ಇಂಜೆಕ್ಷನ್ನಿನಿಂದ ಆರಾಮ ಆಗೋದು ನಿಜ. ಆದರೆ ಇದು ಮೈಯೆಲ್ಲ ಹರಡುವ ಪ್ರಮಾಣ, ಪ್ರತಿ ಸೀಸನ್ ಹಾಕಿಸಿಕೊಂಡರೆ ಮೂಳೆ, ಸಕ್ಕರೆ, ಹಾರ್ಮೋನು ಎಲ್ಲದರ ಮೇಲೂ ಪೆಟ್ಟು. ಅಂತರರಾಷ್ಟ್ರೀಯ ಮಾರ್ಗಸೂಚಿಗಳು ಈ ತೊಂದರೆಗೆ ಇದನ್ನು ಬೇಡ ಅನ್ನುತ್ತವೆ.

ಮೂರನೆಯದು ಮಾಂಟೆಲುಕಾಸ್ಟ್ ಬೆರೆತ ಅಲರ್ಜಿ ಮಾತ್ರೆಯನ್ನು ಚೀಟಿಯಿಲ್ಲದೆ ತಿಂಗಳುಗಟ್ಟಲೆ ನುಂಗೋದು. ನಿದ್ದೆಗೇಡು, ಕೆಟ್ಟ ಕನಸು, ಖಿನ್ನತೆ, ಆತ್ಮಹತ್ಯೆಯ ಯೋಚನೆಯಂಥ ಪರಿಣಾಮಗಳಿಗಾಗಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2020ರಲ್ಲಿ ಇದಕ್ಕೆ ತನ್ನ ಅತಿ ಕಟ್ಟುನಿಟ್ಟಿನ ಎಚ್ಚರಿಕೆ ಹಾಕಿಸಿತು. ಬೇರೆ ಔಷಧಿಗೆ ಬಗ್ಗದಿದ್ದಾಗ ಮಾತ್ರ ಬಳಸಿ ಎಂಬುದು ಅದರ ಸಲಹೆ. ವೈದ್ಯರು ನಿಮಗೆ ಆಸ್ತಮಾಕ್ಕೆಂದು ಕೊಟ್ಟಿದ್ದರೆ ನೀವಾಗಿಯೇ ನಿಲ್ಲಿಸಬೇಡಿ, ಕೇಳಿ. ಆದರೆ ತಗೊಂಡ ಮೇಲೆ ಮನಸ್ಸು ಕುಗ್ಗಿದೆ ಅನ್ನಿಸಿದರೆ "ಎಕ್ಸಾಮ್ ಟೆನ್ಶನ್" ಅಂತ ಸುಮ್ಮನಾಗಬೇಡಿ, ತಕ್ಷಣ ಹೇಳಿ.

ಡಾಕ್ಟರ್ ಹತ್ತಿರ ಯಾವಾಗ?

ಉಸಿರಾಡುವಾಗ ಸುಂಯ್ ಅನ್ನುವ ಸದ್ದು, ಎದೆ ಬಿಗಿತ, ರಾತ್ರಿ ಕೆಮ್ಮು ಇದ್ದರೆ ಕಾಯಬೇಡಿ. ಮೂಗು, ಶ್ವಾಸಕೋಶ ಒಂದೇ ದಾರಿಯ ಎರಡು ತುದಿ, ಮೂಗಿನ ಅಲರ್ಜಿ ಇರುವ ಹಲವರಿಗೆ ಆಸ್ತಮಾ ಕೂಡ ಇರುತ್ತದೆ. ಒಂದೇ ಹೊಳ್ಳೆ ಸದಾ ಕಟ್ಟಿರೋದು, ರಕ್ತ, ಜ್ವರದ ಜೊತೆ ಮುಖ ನೋವು ಇದ್ದರೂ ತೋರಿಸಿ. ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಸರ್ಕಾರಿ ಆಸ್ಪತ್ರೆಗಳಲ್ಲಿ ಮೊದಲು ತೋರಿಸಬಹುದು, ಕಿವಿ-ಮೂಗು-ಗಂಟಲು ವಿಭಾಗಕ್ಕೆ ಕೊಪ್ಪಳದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಇದೆ. ಚೀಟಿ ಸಿಕ್ಕ ಮೇಲೆ ಜನೌಷಧಿ ಕೇಂದ್ರದಲ್ಲಿ ಕೇಳಿ ನೋಡಿ, ಜೆನೆರಿಕ್ ಅಗ್ಗ.

ಎಲ್ಲ ಸರಿಯಾಗಿ ಬಳಸಿಯೂ ಬಗ್ಗದಿದ್ದರೆ, ಚರ್ಮ ಪರೀಕ್ಷೆಯಲ್ಲಿ ಕಾರಣ ಹುಡುಕಿ ಇಮ್ಯುನೋಥೆರಪಿ ಮಾಡುತ್ತಾರೆ. ಅದೇ ಪರಾಗದ ಸಾರವನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತ ಕೊಟ್ಟು ದೇಹವನ್ನು ಪಳಗಿಸುವುದು. 1911ರಲ್ಲಿ ಲಂಡನ್ನಿನ ಲಿಯೊನಾರ್ಡ್ ನೂನ್ ಶುರು ಮಾಡಿದ ವಿಧಾನ. ಮೂರರಿಂದ ಐದು ವರ್ಷ ಬೇಕು, ಅಂದ್ರೆ ಹೆಚ್ಚುಕಮ್ಮಿ ಒಂದು ಬಿ.ಇ.!

ಅಷ್ಟು ದೂರ ಹೋಗಬೇಕಾದವರು ಕಡಿಮೆ. ಉಳಿದವರು ಇಷ್ಟು ಮಾಡಿ: ಫೋನಿನಲ್ಲಿ ಒಂದು ವರ್ಷ ಸೀನಿನ ಡೈರಿ ಬರೆಯಿರಿ, ಯಾವ ದಿನ, ಎಲ್ಲಿ, ಎಷ್ಟು ಜೋರು ಅಂತ. ನಿಮ್ಮ ತಿಂಗಳು ಯಾವುದೆಂದು ಗೊತ್ತಾಗುತ್ತದೆ. ಮುಂದಿನ ವರ್ಷ ಆ ತಿಂಗಳಿಗೆ ಎರಡು ವಾರ ಮೊದಲೇ ವೈದ್ಯರನ್ನು ಕಂಡು ಸ್ಪ್ರೇ ಶುರು ಮಾಡಿ. ನಿಮ್ಮದು ಬತ್ತದ ಕಟಾವಿನ ಅಲರ್ಜಿ ಆಗಿದ್ದರೆ, ಮೊದಲ ಯಂತ್ರ ಗದ್ದೆಗೆ ಇಳಿಯುವ ಹೊತ್ತಿಗೆ ನಿಮ್ಮ ಮೂಗು ರೆಡಿ ಇರಬೇಕು.