ಮುಕ್ಕಾಲು ಕಿಲೋ ಅವರೆಕಾಯಿಗೆ ಎಷ್ಟಾಯ್ತು?

ಅವರೆಕಾಯಿ ಸುಗ್ಗಿಯ ದಿನಗಳಲ್ಲಿ ಹೊಸಕೋಟೆ ಸೀಮೆಯ ಸರ್ಕಾರಿ ಶಾಲೆಯೊಂದರಲ್ಲಿ ಮೆಟ್ರಿಕ್ ಮೇಳ ನಡೆದರೆ ಇಂಥ ವ್ಯಾಪಾರ ಕಣ್ಣಿಗೆ ಬೀಳದೆ ಇರದು. ಅಂಗಳದಲ್ಲಿ ಗೋಣಿತಾಟು ಹಾಸಿ ನಾಲ್ಕನೇ ತರಗತಿಯ ಹುಡುಗಿ ಕೂತಿರುತ್ತಾಳೆ. ಮುಂದೆ ಅವರೆಕಾಯಿ ಗುಡ್ಡೆ, ಪಕ್ಕದಲ್ಲಿ ತಕ್ಕಡಿ, 'ಕೆ.ಜಿ.ಗೆ 60 ರೂ.' ಎಂದು ಬರೆದ ರಟ್ಟು. "ಮುಕ್ಕಾಲು ಕೆ.ಜಿ. ಹಾಕವ್ವ" ಎನ್ನುತ್ತಾ ಊರಿನ ಹಿರಿಯರೊಬ್ಬರು ನೂರರ ನೋಟು ಚಾಚುತ್ತಾರೆ. ಹುಡುಗಿ ಪೆನ್ನು ಹುಡುಕುವುದಿಲ್ಲ. "ಅರ್ಧಕ್ಕೆ ಮೂವತ್ತು, ಕಾಲಿಗೆ ಹದಿನೈದು, ನಲವತ್ತೈದು ತಾತ" ಎಂದವಳೇ ಐದರ ನಾಣ್ಯ ಕೊಟ್ಟು "ಐವತ್ತಾಯ್ತು", ಐವತ್ತರ ನೋಟು ಕೊಟ್ಟು "ನೂರಾಯ್ತು" ಎನ್ನುತ್ತಾಳೆ.

ಈ ಒಂದು ವ್ಯಾಪಾರದಲ್ಲಿ ಭಿನ್ನರಾಶಿ, ಗುಣಾಕಾರ, ಕೂಡುವ ಲೆಕ್ಕ, ಕಳೆಯುವ ಲೆಕ್ಕ ನಾಲ್ಕೂ ಆಗಿಹೋದವು. ಆದರೆ ಚಿಲ್ಲರೆ ಕೊಡುವಾಗ ಅವಳು ನೂರರಿಂದ ನಲವತ್ತೈದನ್ನು ನೇರವಾಗಿ ಕಳೆಯಲಿಲ್ಲ, ನಲವತ್ತೈದರಿಂದ ನೂರರವರೆಗೆ ಏರುತ್ತಾ ಹೋದಳು. ಸಂತೆಯ ಎಷ್ಟೋ ವ್ಯಾಪಾರಿಗಳು ಮಾಡುವುದೂ ಹೀಗೆಯೇ.

ಕೆಲವು ಕಡೆ ಮಕ್ಕಳ ಸಂತೆ ಎಂದೂ ಕರೆಯುವ ಮೆಟ್ರಿಕ್ ಮೇಳ ಕರ್ನಾಟಕದ ಪ್ರಾಥಮಿಕ ಶಾಲೆಗಳ ಸೊಗಸಾದ ಹಬ್ಬಗಳಲ್ಲಿ ಒಂದು. ಮಕ್ಕಳ ದಿನಾಚರಣೆಗೋ, ಶಾಲೆಗೆ ಒಪ್ಪುವ ಮತ್ತೊಂದು ದಿನಕ್ಕೋ ಇದನ್ನು ಇಟ್ಟುಕೊಳ್ಳುತ್ತಾರೆ. ಮನೆಯ ಹಿತ್ತಲಿನ ಸೊಪ್ಪು, ನುಗ್ಗೆಕಾಯಿ, ನಿಂಬೆಹಣ್ಣು, ಅಮ್ಮ ಕಲಸಿಕೊಟ್ಟ ಚುರುಮುರಿ, ಪಾನಕ ಎಲ್ಲವೂ ಬರುತ್ತವೆ. ದೇವನಹಳ್ಳಿ ಕಡೆಯಾದರೆ ಭೌಗೋಳಿಕ ಮಾನ್ಯತೆ ಪಡೆದ ಅಲ್ಲಿನ ಚಕ್ಕೋತಕ್ಕೂ ಒಂದು ಜಾಗ. ಕೊಳ್ಳುವವರು ಅಪ್ಪ ಅಮ್ಮ, ಮೇಷ್ಟ್ರು, ಊರಿನವರು. ಸಂಜೆ ಬಂಡವಾಳ ಎಷ್ಟು, ಬಂದದ್ದೆಷ್ಟು, ಲಾಭ ಎಷ್ಟು ಎಂದು ಬರೆದು ತೋರಿಸಿದರೆ ಮೇಳ ಮುಗಿದಂತೆ.

ಮೇಳಕ್ಕೆ ಈ ಹೆಸರು ಬಂದದ್ದು ಮೆಟ್ರಿಕ್ ಅಳತೆಯಿಂದ. ತೂಕ ಮತ್ತು ಅಳತೆಗಳ ಕಾಯ್ದೆ ಬಂದದ್ದು 1956ರಲ್ಲಿ. 1957ರ ಏಪ್ರಿಲ್ 1ರಂದು ರೂಪಾಯಿಗೆ 16 ಆಣೆ ಹೋಗಿ 100 ಪೈಸೆ ಬಂತು. 1960ರ ದಶಕದ ಆರಂಭದಲ್ಲಿ ಅಂಗಡಿಗಳಲ್ಲಿ ಕಿಲೋ, ಲೀಟರು, ಮೀಟರು ಕಡ್ಡಾಯವಾದವು. ಆದರೂ ಹಳ್ಳಿಮನೆಯ ಮಾತಿನಲ್ಲಿ ಪಾವು, ಸೇರು, ಕೊಳಗ, ಖಂಡುಗ ಇನ್ನೂ ಬದುಕಿವೆ. ಅಜ್ಜಿಯ ಸೇರಿನಲ್ಲಿ ರಾಗಿ ಅಳೆದು, ಅದನ್ನೇ ತಕ್ಕಡಿಗೆ ಹಾಕಿ ಎಷ್ಟು ಗ್ರಾಂ ಆಯಿತೆಂದು ಬರೆಯುವುದು ಮೂರನೇ ತರಗತಿಯ ಮಕ್ಕಳಿಗೂ ಒಗ್ಗುವ ಆಟ.

ಹೂವಿನ ಅಂಗಡಿಯ ಪಾಠ ಇನ್ನೂ ಚೆಂದ. ಸೇವಂತಿಗೆ ಮಾರಲು ಕೂತ ಹುಡುಗ ತನ್ನ ಮೊಣಕೈಯಿಂದ ಬೆರಳ ತುದಿಯವರೆಗೆ ಹಿಡಿದು ಒಂದು ಮೊಳ ಕೊಡುತ್ತಾನೆ. ಕೊಳ್ಳುವ ಅಕ್ಕ ತನ್ನ ಕೈಯಲ್ಲಿ ಹಿಡಿದು ನೋಡಿದರೆ ನಾಲ್ಕು ಬೆರಳು ಕಡಿಮೆ! ಮೇಡಂ ಟೇಪು ತಂದು ಇಬ್ಬರ ಮೊಳವನ್ನೂ ಸೆಂಟಿಮೀಟರಿನಲ್ಲಿ ಅಳೆಯುತ್ತಾರೆ. ಎಲ್ಲರಿಗೂ ಒಂದೇ ಅಳತೆ ಏಕೆ ಬೇಕು ಎಂಬುದು ಅಲ್ಲಿಯೇ ಕಣ್ಣಿಗೆ ಕಾಣುತ್ತದೆ.

ಲೆಕ್ಕವನ್ನು ಬದುಕಿನ ವ್ಯವಹಾರಕ್ಕೆ ಕಟ್ಟಿಹಾಕುವುದು ಕನ್ನಡಕ್ಕೆ ಹೊಸತೇನೂ ಅಲ್ಲ. ಕನ್ನಡದಲ್ಲಿ ಗಣಿತ ಬರೆದ ಮೊದಲಿಗನೆಂದು ಹೆಸರಾದ 12ನೇ ಶತಮಾನದ ರಾಜಾದಿತ್ಯ ತನ್ನ ಕೃತಿಗೆ ಇಟ್ಟ ಹೆಸರೇ 'ವ್ಯವಹಾರ ಗಣಿತ'.

ಬೆಂಗಳೂರು ಸುತ್ತಲಿನ ಗ್ರಾಮಾಂತರ ಸೀಮೆಗೆ ಗಣಿತ ಕಲಿಕೆಯ ವಿಷಯದಲ್ಲಿ ತನ್ನದೇ ಒಂದು ಹೆಮ್ಮೆಯಿದೆ. ಇಂದು ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಕಾಣುವ 'ಗಣಿತ ಕಲಿಕಾ ಆಂದೋಲನ'ದ ಕಿಟ್ ಮೊದಲು ಪ್ರಯೋಗಕ್ಕೆ ಇಳಿದದ್ದು ಹೊಸಕೋಟೆ ತಾಲ್ಲೂಕಿನಲ್ಲಿ, 2011ರಲ್ಲಿ. ಬೆಂಗಳೂರಿನಲ್ಲಿ 2000ದಲ್ಲಿ ಶುರುವಾದ ಅಕ್ಷರ ಫೌಂಡೇಶನ್ ಶಿಕ್ಷಣ ಇಲಾಖೆಯ ಜೊತೆ ಕೈಜೋಡಿಸಿ ಇದನ್ನು ರೂಪಿಸಿತು. 2015ರ ಹೊತ್ತಿಗೆ ಅದು ಇಂದಿನ ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಗೆ ಹೋಯಿತು, ಆಮೇಲೆ ಇಡೀ ರಾಜ್ಯಕ್ಕೆ ಹಬ್ಬಿತು. ಒಡಿಶಾ ಮತ್ತು ಆಂಧ್ರಪ್ರದೇಶದ ಶಾಲೆಗಳನ್ನೂ ತಲುಪಿತು.

ಕಿಟ್‌ನ ಪೆಟ್ಟಿಗೆ ತೆರೆದರೆ ಮಣಿಗಳ ಅಬಾಕಸ್, ಬಿಡಿ-ಹತ್ತು-ನೂರರ ಬ್ಲಾಕುಗಳು, ಭಿನ್ನರಾಶಿಯ ತುಂಡುಗಳು, ಆಟದ ನೋಟು ನಾಣ್ಯಗಳು, ಗಡಿಯಾರ, ದಾಳ, ತಕ್ಕಡಿ, ಅಳತೆಯ ಟೇಪು. ಒಂದೊಂದು ಗುಂಪಿಗೆ ಒಂದಿಷ್ಟು ಸಾಮಗ್ರಿ ಹಂಚಿಕೊಂಡು ನಾಲ್ಕು, ಐದನೇ ತರಗತಿಯ ಮಕ್ಕಳು ನೆಲದ ಮೇಲೆ ಕೂರುತ್ತಾರೆ.

52ರಲ್ಲಿ 27 ಕಳೆಯಬೇಕು ಎಂದುಕೊಳ್ಳೋಣ. ಹತ್ತರ ಐದು ಪಟ್ಟಿ, ಎರಡು ಬಿಡಿ ಮುಂದಿವೆ. ಎರಡರಲ್ಲಿ ಏಳು ತೆಗೆಯಲು ಆಗುವುದಿಲ್ಲ. ಆಗ ಮಗು ಒಂದು ಹತ್ತರ ಪಟ್ಟಿಯನ್ನು ಪೆಟ್ಟಿಗೆಗೆ ಹಿಂದಿರುಗಿಸಿ ಹತ್ತು ಬಿಡಿ ಎಣಿಸಿಕೊಳ್ಳುತ್ತದೆ. ಈಗ ನಾಲ್ಕು ಪಟ್ಟಿ, ಹನ್ನೆರಡು ಬಿಡಿ. ಏಳು ಬಿಡಿ ತೆಗೆದರೆ ಐದು ಉಳಿಯುತ್ತವೆ, ಎರಡು ಪಟ್ಟಿ ತೆಗೆದರೆ ಎರಡು ಉಳಿಯುತ್ತವೆ. ಉತ್ತರ 25. 'ಪಕ್ಕದ ಮನೆಯಿಂದ ಸಾಲ ತಗೋ' ಎಂದು ತಲೆಮಾರುಗಳಿಂದ ಬಾಯಿಪಾಠ ಮಾಡಿಸಿದ ಮಾತಿನ ಅರ್ಥ ಇಲ್ಲಿ ಕೈಗೇ ಸಿಗುತ್ತದೆ. ಮೊದಲು ವಸ್ತು, ಆಮೇಲೆ ಚಿತ್ರ, ಕೊನೆಗೆ ಅಂಕಿ: ಈ ಕ್ರಮವೇ ಇಡೀ ವಿಧಾನದ ಬೆನ್ನೆಲುಬು.

ಈ ಆಂದೋಲನ ಶಾಲೆಯ ಗೋಡೆಯೊಳಗೆ ನಿಲ್ಲಲಿಲ್ಲ. ಗ್ರಾಮ ಪಂಚಾಯಿತಿ ಮಟ್ಟದ ಗಣಿತ ಸ್ಪರ್ಧೆಗಳು ಶುರುವಾದವು. ಸುತ್ತಲಿನ ಹಳ್ಳಿಗಳ ಮಕ್ಕಳು ಒಂದೆಡೆ ಸೇರಿ ಪರೀಕ್ಷೆ ಬರೆಯುತ್ತಾರೆ, ಊರಿನವರ ಮುಂದೆಯೇ ಬಹುಮಾನ. ಕಬಡ್ಡಿಗೆ ಚಪ್ಪಾಳೆ ತಟ್ಟುವ ಊರು ಗಣಿತಕ್ಕೂ ಚಪ್ಪಾಳೆ ತಟ್ಟುವುದನ್ನು ಮಗು ನೋಡುತ್ತದೆ.

ಇದಕ್ಕೂ ಹಿಂದೆ ಹಾದಿ ಹಾಕಿಕೊಟ್ಟದ್ದು ನಲಿ-ಕಲಿ. ಆಂಧ್ರಪ್ರದೇಶದ ರಿಷಿವ್ಯಾಲಿ ಶಾಲೆಯ ಪ್ರಯೋಗದಿಂದ ಪ್ರೇರಣೆ ಪಡೆದು 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ಈ ಪದ್ಧತಿ ಆಮೇಲೆ ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳ ಕಿರಿಯ ತರಗತಿಗಳಿಗೆ ಬಂತು. ಕಲಿಕಾ ಏಣಿ, ಕಾರ್ಡುಗಳು, ಗುಂಪಿಗೊಂದು ತಟ್ಟೆ, ತಲೆಯ ಮೇಲೆ ಮಕ್ಕಳ ಚಿತ್ರ ತೂಗುವ ಚಪ್ಪರ ಎಲ್ಲವೂ ಅದರ ಕೊಡುಗೆ. 2023ರ ಆರಂಭದಲ್ಲಿ ಕ್ಲಸ್ಟರ್ ಮಟ್ಟದಲ್ಲಿ ನಡೆದ 'ಕಲಿಕಾ ಹಬ್ಬ' ಅದೇ ಉತ್ಸಾಹದ ಮುಂದುವರಿಕೆ. ಕೋವಿಡ್ ಕಾಲದಲ್ಲಿ ತಪ್ಪಿಹೋದ ಕಲಿಕೆಯನ್ನು ತುಂಬಿಕೊಡುವ 'ಕಲಿಕಾ ಚೇತರಿಕೆ'ಯ ಭಾಗವಾಗಿ ಬಂದ ಆ ಹಬ್ಬದಲ್ಲಿ 'ಕಾಗದ-ಕತ್ತರಿ', 'ಮಾಡು-ಆಡು' ಎಂಬಂಥ ಮೂಲೆಗಳಿದ್ದವು.

ಲೆಕ್ಕದ ಪಾಠಕ್ಕೆಂದು ಶಾಲೆ ಬೇರೆ ಹಬ್ಬ ಹುಡುಕುವ ಕಷ್ಟವೂ ಇಲ್ಲ. ಡಿಸೆಂಬರ್ 22 ಶ್ರೀನಿವಾಸ ರಾಮಾನುಜನ್ ಹುಟ್ಟಿದ ದಿನ, ರಾಷ್ಟ್ರೀಯ ಗಣಿತ ದಿನ. ಪುಷ್ಯ ಮಾಸದಲ್ಲಿ ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯದಲ್ಲಿ ತೇರು. ಅಲ್ಲಿನ ದನಗಳ ಜಾತ್ರೆ ಸುತ್ತಲ ಸೀಮೆಗೆಲ್ಲ ಹೆಸರುವಾಸಿ. ಟವಲ್ಲಿನ ಮರೆಯಲ್ಲಿ ಬೆರಳು ಹಿಡಿದು ಎತ್ತಿನ ದರ ಕುದುರಿಸುವುದು ದನದ ವ್ಯಾಪಾರದ ಹಳೆಯ ರೂಢಿ. ಆ ಬೆರಳೆಣಿಕೆಯನ್ನೇ ತರಗತಿಗೆ ತಂದರೆ ಸ್ಥಾನಬೆಲೆಯ ಆಟ ಸಿದ್ಧ: ಒಂದು ಹಿಡಿತ ಸಾವಿರಕ್ಕೆ, ಮತ್ತೊಂದು ನೂರಕ್ಕೆ.

ಸಂಕ್ರಾಂತಿಗೆ ಎಳ್ಳು-ಬೆಲ್ಲವಿದೆ. ಎಳ್ಳು, ಬೆಲ್ಲ, ಕೊಬ್ಬರಿ, ಕಡಲೆಕಾಯಿ ಬೀಜ, ಹುರಿಗಡಲೆ ಐದನ್ನೂ ಬಟ್ಟಲಿನಲ್ಲಿ ಅಳೆದು ಬೆರೆಸುವಾಗ ಅನುಪಾತ ತಾನಾಗಿ ಬರುತ್ತದೆ. ಒಂದು ಬಟ್ಟಲು ಎಳ್ಳಿಗೆ ಎರಡು ಬಟ್ಟಲು ಕಡಲೆಕಾಯಿ ಬೀಜವಾದರೆ, ಮೂವತ್ತು ಮಕ್ಕಳಿಗೆ ಹಂಚಲು ಎಷ್ಟೆಷ್ಟು ಬೇಕು? ಬಾಗಿಲ ಮುಂದಿನ ರಂಗೋಲಿಯಲ್ಲಿ ಇನ್ನೊಂದು ಪಾಠ. ಏಳರ ಸಾಲು ಚುಕ್ಕಿಯನ್ನು ಎರಡೂ ಕಡೆ ಒಂದಕ್ಕೆ ಇಳಿಸಿದರೆ 1, 3, 5, 7, 5, 3, 1. ಒಟ್ಟು 25 ಚುಕ್ಕಿ. ಏಳರ ಸಂದು ಚುಕ್ಕಿಯನ್ನು ನಾಲ್ಕಕ್ಕೆ ಇಳಿಸಿದರೆ 4, 5, 6, 7, 6, 5, 4, ಒಟ್ಟು 37. ಬೆಸಸಂಖ್ಯೆಗಳನ್ನು ಒಂದರಿಂದ ಕ್ರಮವಾಗಿ ಕೂಡುತ್ತಾ ಹೋದರೆ 1, 4, 9, 16 ಎಂದು ವರ್ಗಸಂಖ್ಯೆಗಳೇ ಬರುತ್ತವೆ ಎಂಬುದನ್ನು ಐದನೇ ತರಗತಿಯ ಮಗು ಚುಕ್ಕಿ ಎಣಿಸಿಯೇ ಕಂಡುಕೊಳ್ಳಬಹುದು.

ಮಳೆಯ ದಿನಕ್ಕೆ ಚೌಕಾಬಾರ. ಐದಕ್ಕೈದು ಮನೆ ಬರೆಯಲು ಒಂದು ಸೀಮೆಸುಣ್ಣ ಸಾಕು. ಕವಡೆ ಇಲ್ಲದಿದ್ದರೆ ನಾಲ್ಕು ಹುಣಸೆ ಬೀಜಗಳನ್ನು ಒಂದು ಬದಿ ನೆಲಕ್ಕೆ ಉಜ್ಜಿ ಬೆಳ್ಳಗೆ ಮಾಡಿಕೊಳ್ಳುತ್ತಾರೆ. ನಾಲ್ಕೂ ಬಿಳಿ ಬಿದ್ದರೆ ಚೌಕ, ಅಂದರೆ ನಾಲ್ಕು. ನಾಲ್ಕೂ ಕಪ್ಪಾದರೆ ಬಾರ, ಅಂದರೆ ಎಂಟು. ಯಾವ ಕಾಯಿ ಎಷ್ಟು ಮನೆ ನಡೆಸಿದರೆ ಎದುರಾಳಿಯನ್ನು ಹೊಡೆಯಬಹುದು ಎಂದು ಮಗು ಪ್ರತಿ ಸಲವೂ ಮನಸ್ಸಿನಲ್ಲೇ ಕೂಡುತ್ತದೆ. ನೂರು ಸಲ ಬೀಜ ಎಸೆದು ಯಾವುದು ಎಷ್ಟು ಸಲ ಬಿತ್ತೆಂದು ಗೀಟು ಹಾಕಿಸಿದರೆ ಮತ್ತೊಂದು ಗುಟ್ಟು ಹೊರಬೀಳುತ್ತದೆ. ಎರಡೂ ಮುಖ ಸಮನಾಗಿ ಬೀಳುವ ಬೀಜಗಳಾದರೆ 16 ಬಗೆಗಳಲ್ಲಿ ಆರು ಬಗೆ ಎರಡು ಬಿಳಿ, ಅಂದರೆ 'ಎರಡು' ಕೊಡುತ್ತವೆ; ಚೌಕಕ್ಕೆ ಒಂದೇ ಬಗೆ, ಬಾರಕ್ಕೂ ಒಂದೇ. ಚೌಕ, ಬಾರ ಬಿದ್ದವರಿಗೆ ಇನ್ನೊಂದು ಆಟ ಏಕೆ ಸಿಗುತ್ತದೆಂದು ಆಗ ತಿಳಿಯುತ್ತದೆ.

ಇವೆಲ್ಲ ಫಲ ಕೊಡಬೇಕಾದರೆ ಎರಡು ಎಚ್ಚರ ಬೇಕು. ಕಳೆದುಹೋದೀತು ಎಂಬ ಭಯಕ್ಕೆ ಗಣಿತ ಕಿಟ್ ಬೀರುವಿನಲ್ಲೇ ಉಳಿಯಬಾರದು. ಮಕ್ಕಳ ಕೈಯಲ್ಲಿ ಸವೆದ ಬ್ಲಾಕು ಸಾರ್ಥಕವಾದ ಬ್ಲಾಕು. ಮೇಳದಲ್ಲಿ ಲೆಕ್ಕವನ್ನು ದೊಡ್ಡವರು ಮಾಡಿಕೊಡಬಾರದು. ಮೊಬೈಲ್ ಸ್ಕ್ಯಾನ್ ಮಾಡಿ ದುಡ್ಡು ಕಳಿಸಿದರೆ ಚಿಲ್ಲರೆ ಎಣಿಸುವ ಅವಕಾಶವೇ ಮಗುವಿಗೆ ತಪ್ಪುತ್ತದೆ.

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ನಿಮ್ಮೂರ ಶಾಲೆಯಲ್ಲಿ ಈ ವರ್ಷ ಮೆಟ್ರಿಕ್ ಮೇಳವಾದರೆ ದಯವಿಟ್ಟು ಹೋಗಿ ಬನ್ನಿ. ಜೇಬಿನಲ್ಲಿ ನೋಟು ಇರಲಿ. ಒಂದು ಕಟ್ಟು ಸೊಪ್ಪೋ ಕಾಲು ಕಿಲೋ ಅವರೆಕಾಯೋ ಕೊಂಡು, ಮಗು ಚಿಲ್ಲರೆ ಎಣಿಸಿ ಕೊಡುವವರೆಗೆ ಸುಮ್ಮನೆ ನಿಂತು ಕಾಯಿರಿ.